ಎಂಟನೆಯ ದಿನ ಹರಿದ ಹೊಲಿಗೆ

ಕಮಲಾಪುರದ ಸಂತೆಯಲ್ಲಿ ಕೆಂಪು ಬಾಳೆಗೊನೆ ಇಳಿಸುವಾಗ ಗಾಡಿಯ ಎತ್ತುಗಳು ಬೆದರಿದವು. ಕಬ್ಬಿಣದ ಪಟ್ಟಿಯ ಗಾಲಿ ನನ್ನ ಬಲಗಾಲಿನ ಹಿಮ್ಮಡಿಯ ಮೇಲೆ ಹಾದುಹೋಯಿತು. ನೋವು ಆಮೇಲೆ ಬಂತು. ಮೊದಲು ಬಂದದ್ದು ನಾಚಿಕೆ, ಸಂತೆಯ ಮಂದಿಯೆಲ್ಲ ನೋಡುತ್ತಿದ್ದಾರಲ್ಲ ಎಂದು.

ಅರಿಶಿನ ಹಚ್ಚಿದೆವು. ಸೊಪ್ಪು ಅರೆದು ಕಟ್ಟಿದೆವು. ನೋಡಲು ಬಂದವರೆಲ್ಲ ವೈದ್ಯರೇ. ಎರಡು ತಿಂಗಳಾದರೂ ಗಾಯ ಮುಚ್ಚಲಿಲ್ಲ. ಒಂದು ಮುಂಜಾನೆ ಗಾಯದ ಬಟ್ಟೆ ಬಿಚ್ಚಿದ ಅತ್ತೆ ಹಾಗೇ ಕುಳಿತುಬಿಟ್ಟರು.

ಒಳಗೆ ಎಲುಬು ಕಾಣುತ್ತಿತ್ತು.

ಕಲಬುರ್ಗಿಯ ಸರ್ಕಾರಿ ದವಾಖಾನೆಗೆ ಹೋದೆವು. ಡಾಕ್ಟರ್ ಸಾಹೇಬರು ಹೈದರಾಬಾದಿನ ಕಡೆಯವರು; ಅರ್ಧ ಕನ್ನಡ, ಅರ್ಧ ಉರ್ದು. "ಎರಡೇ ರಾಸ್ತಾ ಅವ ಅಮ್ಮಾ. ಮೊಣಕಾಲ ಕೆಳಗ ಕಾಲು ತೆಗೀಬೇಕು. ಇಲ್ಲಂದ್ರ ಫ್ಲ್ಯಾಪ್ ಮಾಡಿ ನೋಡಬೇಕು."

ಫ್ಲ್ಯಾಪ್ ಎಂದರೆ ಎಡಗಾಲಿನ ಮೀನಖಂಡದ ಚರ್ಮವನ್ನು ಮೂರು ಕಡೆ ಕೊಯ್ದು ಎತ್ತಿ, ಒಂದು ಕಡೆ ಹಾಗೇ ಬಿಟ್ಟು, ಬಲಗಾಲಿನ ಗಾಯಕ್ಕೆ ಹೊಲಿಯುವುದು. ಅದು ಅಲ್ಲಿ ಬೇರು ಹಿಡಿಯುವ ತನಕ, ಮೂರು ವಾರ, ಎರಡೂ ಕಾಲು ಅಂಟಿಕೊಂಡೇ ಇರಬೇಕು.

"ಹಿಡೀಲಿಲ್ಲಂದ್ರ?" ಎಂದರು ಅತ್ತೆ.

"ಕಾಲು ಹೋಗ್ತದ."

ಕ್ಲೋರೋಫಾರ್ಮ್ ಇಳಿದು ಎಚ್ಚರವಾದಾಗ ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಮಲಗಿದ್ದೆ. ಬ್ಯಾಂಡೇಜು ಸುತ್ತಿ ಮರದ ಪಟ್ಟಿ ಬಿಗಿದಿದ್ದರು. ಹಿರಿಯರೆದುರು ಸೊಸೆ ಹೀಗಿರುವುದುಂಟೆ! "ನವಾಬನ ಬೇಗಮ್ ಆಗೀದಿ ನೋಡು," ಎಂದು ಅತ್ತೆ ಚೇಷ್ಟೆ ಮಾಡುತ್ತ ಗಂಜಿ ಕುಡಿಸಿದರು. ಹೇಲು ಉಚ್ಚೆ ಎಲ್ಲ ಅವರೇ ತೆಗೆದರು. ಒಂದು ದಿನವೂ ಮುಖ ಸಿಂಡರಿಸಲಿಲ್ಲ.

ಎಂಟನೆಯ ದಿನ ಮಾವ ಬಂದರು. ಸಂತೆಯಲ್ಲಿ ಆ ಗಾಡಿ ಹೊಡೆದವರು ಅವರೇ. ಅದಕ್ಕೇ ಅಲ್ಲಿಯವರೆಗೆ ದವಾಖಾನೆಯ ಕಡೆ ಮುಖ ಹಾಕಿರಲಿಲ್ಲ. ಬಾಗಿಲಲ್ಲಿ ಅವರು ಕಂಡದ್ದೇ ತಡ, ನನಗೆ ಡಾಕ್ಟರು ಹೇಳಿದ್ದೆಲ್ಲ ಮರೆತುಹೋಯಿತು. ಮಾವ ಬಂದರೆ ಸೊಸೆ ಏಳಬೇಕು, ಅಷ್ಟೇ ಗೊತ್ತು. ಸೆರಗು ಎಳೆದುಕೊಂಡು, ಕಾಲು ಕೆಳಗಿಳಿಸಲು ಜೋರಾಗಿ ಜಗ್ಗಿದೆ.

ಹೊಲಿಗೆ ಹರಿಯಿತು.

ಡಾಕ್ಟರು ಓಡಿಬಂದರು. "ಯಾ ಅಲ್ಲಾ, ಏನ್ ಮಾಡಿದ್ರಿ!" ಇನ್ನೊಮ್ಮೆ ಹರಿದರೆ ಕಾಲು ತೆಗೆಯುವುದೇ ಎಂದರು. ತಕ್ಷಣ ಹೊಲಿಯಬೇಕಿತ್ತು, ಅಲ್ಲಾಡದಂತೆ ಯಾರಾದರೂ ಗಟ್ಟಿಯಾಗಿ ಹಿಡಿಯಬೇಕಿತ್ತು. ಅತ್ತೆ ನನ್ನ ಭುಜ ಒತ್ತಿ ಹಿಡಿದರು.

ಮಾವ ತಲೆಯ ರುಮಾಲು ತೆಗೆದಿಟ್ಟು, ನೆಲಕ್ಕೆ ಮಂಡಿಯೂರಿ, ನನ್ನ ಎರಡೂ ಪಾದ ಹಿಡಿದರು.

"ಬ್ಯಾಡ್ರೀ ಮಾವಾರ, ನನಗ ಪಾಪ ಹತ್ತತದ," ಎಂದು ಅತ್ತುಬಿಟ್ಟೆ.

"ಸುಮ್ಕಿರು ಯವ್ವಾ. ಪಾಪ ನನಗ ಮೊದ್ಲೇ ಹತ್ಯದ."

ಮದುವೆಯಾದ ಆರು ವರ್ಷದಲ್ಲಿ ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ಸೂಜಿ ಎಷ್ಟು ಸಲ ಚುಚ್ಚಿತೋ ನೆನಪಿಲ್ಲ. ಆ ಒರಟು ಕೈ ಮಾತ್ರ ಒಮ್ಮೆಯೂ ಸಡಿಲಾಗಲಿಲ್ಲ.

ಈ ಸಲ ಹೊಲಿಗೆ ಹಿಡಿಯಿತು. ಮೂರು ವಾರ ತುಂಬಿದ ಮೇಲೆ ಡಾಕ್ಟರು ಎರಡೂ ಕಾಲನ್ನು ಬೇರೆ ಮಾಡಿ, ಹಿಮ್ಮಡಿಯ ಹೊಸ ಚರ್ಮಕ್ಕೆ ಸೂಜಿ ಚುಚ್ಚಿ ನೋಡಿದರು. ಕೆಂಪು ಹನಿಯೊಂದು ಮೂಡಿತು. "ಜಿಂದಾ ಅದ, ಜೀವ ಅದ," ಎಂದು ನಕ್ಕರು. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ.

ಈಗ ಸ್ವಲ್ಪ ಕುಂಟುತ್ತೇನೆ. ಆದರೂ ನನ್ನದೇ ಎರಡು ಕಾಲ ಮೇಲೆ ನಡೆಯುತ್ತೇನೆ. ಇದಕ್ಕಿಂತ ಹೆಚ್ಚು ಏನು ಬೇಡಲಿ? ಹಿಮ್ಮಡಿಗೆ ಮಾತ್ರ ಅರಿವಿಲ್ಲ. ಮುಳ್ಳು ಮುರಿದರೂ ತಿಳಿಯದು, ದಿನಾ ನೋಡಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದಾರೆ. ನಾನು ಮರೆತರೂ ಮಾವ ಮರೆಯುವುದಿಲ್ಲ. ಹೊಲದಿಂದ ಬಂದವರೇ ಪಡಸಾಲೆಯಲ್ಲಿ ನಿಂತು ಕೂಗುತ್ತಾರೆ: "ಹಿಮ್ಮಡಿ ನೋಡ್ಕೊಂಡ್ಯಾ ಯವ್ವಾ?"

"ನೋಡ್ಕೊಂಡೀನ್ರೀ."

ಅವರಿಗೆ ನಂಬಿಕೆಯಿಲ್ಲ. ಬೆಳಕಿಗೆ ಬಂದು ತೋರಿಸು ಎನ್ನುತ್ತಾರೆ. ತಲೆತುಂಬ ಸೆರಗು ಹೊದ್ದು, ಬಾಗಿಲ ಚೌಕಟ್ಟು ಹಿಡಿದು ನಿಂತು, ನಾನು ಪಾದ ಎತ್ತಿ ತೋರಿಸುತ್ತೇನೆ.