ಅತ್ತೆ ಒತ್ತಿದರೆ ನಿಲ್ಲುವ ಮಷಿನ್

ನಮ್ಮ ಮನೆಯ ಬಟ್ಟೆ ಒಗೆಯುವ ಮಷಿನ್ ನಾನು ಗುಂಡಿ ಒತ್ತಿದರೆ ನಡೆಯುತ್ತಿತ್ತು, ಅತ್ತೆ ಒತ್ತಿದರೆ ನಿಲ್ಲುತ್ತಿತ್ತು. ತಪ್ಪು ಯಾರದೆಂದು ತೀರ್ಮಾನಿಸಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ನಾನು ಮೂಡಲಗಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ‘ಮೊದಲು ಮುಟ್ಟಿ ನೋಡ್ರಿ, ಆಮೇಲೆ ಉತ್ತರ ಹೇಳ್ರಿ’ ಎಂದು ಮಕ್ಕಳಿಗೆ ದಿನಾ ಒದರುತ್ತೇನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಮನೆ ಕಲ್ಲೋಳಿಯಲ್ಲಿ. ಅತ್ತೆಗೆ ಬಲಭುಜ ಹಿಡಿದುಕೊಂಡು ತಲೆ ಬಾಚಿಕೊಳ್ಳಲೂ ಆಗದಂತಾದಾಗ, ಕಳೆದ ಶ್ರಾವಣದಲ್ಲಿ ಈ ಮಷಿನ್ ತಂದೆವು. ಅವರಿಗೆ ಅದರ ಮೇಲೆ ಬಲು ಅಕ್ಕರೆ. ಮಧ್ಯಾಹ್ನ ಬಟ್ಟೆ ಹಾಕಿ, ಎದುರಿಗೆ ಮಣೆ ಇಟ್ಟುಕೊಂಡು ಕುಳಿತು, ಗಾಜಿನ ಬಾಗಿಲೊಳಗೆ ಮಾವನ ಧೋತರ ತಿರುಗುವುದನ್ನು ನೋಡುತ್ತ ಅಡಿಕೆ ಅಗಿಯುವರು. ಘೋಡಗೇರಿಯ ತಂಗಿ ಫೋನ್ ಮಾಡಿದರೆ, ಫೋನನ್ನು ಮಷಿನ್ನಿಗೆ ಹಿಡಿದು ಸಪ್ಪಳ ಕೇಳಿಸುವರು.

ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿಹೋಯಿತು. ಅದರ ಹಿಂದೆಯೇ ಮಷಿನ್ನಿಗೆ ಜಡ್ಡು ಬಂತು. ನೀರು ತುಂಬಿಕೊಂಡು, ಎರಡು ಸುತ್ತು ತಿರುಗಿ, ಕೆಂಪು ಅಕ್ಷರ ತೋರಿಸಿ ನಿಂತುಬಿಡುವುದು. ಜೊತೆಗೆ ಬಂದ ಪುಸ್ತಕ ತೆಗೆದು ನೋಡಿದರೆ, ನೀರಿನ ಬಿಸಿ ಅಳೆಯುವ ಸೆನ್ಸರ್ ಕೆಟ್ಟಿದೆ ಎಂದಿತ್ತು. ಗೋಕಾಕದಿಂದ ರಿಪೇರಿಯವನು ಬಂದು ಹೊಸ ಸೆನ್ಸರ್ ಹಾಕಿ ಹೋದ. ರವಿವಾರ ಬೆಳಿಗ್ಗೆ ಎಲ್ಲರ ಜಳಕವಾದ ಮೇಲೆ ನಾನು ಬಟ್ಟೆ ಹಾಕಿದೆ, ಸುಸೂತ್ರವಾಗಿ ನಡೆಯಿತು. ಸೋಮವಾರ ಮಧ್ಯಾಹ್ನ ಅತ್ತೆ ಹಾಕಿದರು, ಮತ್ತೆ ಕೆಂಪು ಅಕ್ಷರ.

ಶಾಲೆಯಿಂದ ದಣಿದು ಬಂದಿದ್ದೆ. ಸಿಟ್ಟು ನೆತ್ತಿಗೇರಿತು. “ಕಂಡ ಕಂಡ ಗುಂಡಿ ಯಾಕ ಒತ್ತತೀರಿ ಅತ್ತಿ? ತಿಳೀಲಿಲ್ಲಂದ್ರ ಅದನ್ನ ಮುಟ್ಟಬ್ಯಾಡ್ರಿ!”

“ನಾ ಏನೂ ಮಾಡಿಲ್ಲವಾ. ದಿನಾ ಒತ್ತೂದ ಒತ್ತೇನಿ,” ಎಂದರು. ನಾನು ಕೇಳಿಸಿಕೊಳ್ಳಲಿಲ್ಲ.

ಮರುದಿನ ಬಂದು ನೋಡಿದರೆ, ಹಿತ್ತಲಿನ ಕಲ್ಲಿನ ಮೇಲೆ ಎಡಗೈಯಿಂದಲೇ ಧೋತರ ಒಗೆಯುತ್ತಿದ್ದರು. ಬೇಡವೆಂದರೆ ಕೇಳಲಿಲ್ಲ. ಆದರೂ ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಮಷಿನ್ ಸರಿಹೋದರೆ ಅವರು ಕಲ್ಲು ಬಿಟ್ಟು ಮಣೆಗೆ ಬಂದಾರೆಂದು, ಫೋನ್ ಮೇಲೆ ಫೋನ್ ಮಾಡಿ ರಿಪೇರಿಯವನನ್ನು ಮತ್ತೆ ಕರೆಸಿದೆ.

ಶನಿವಾರ ನಾನು ಬೆಳಗಿನ ಶಾಲೆ ಮುಗಿಸಿ ಬರುವುದಕ್ಕೂ ಅವನು ಬರುವುದಕ್ಕೂ ಸರಿಹೋಯಿತು. ಅತ್ತೆ ರೊಟ್ಟಿಯ ಹಿಟ್ಟಿಗೆ ಎಸರು ಇಟ್ಟಿದ್ದರು. ಅವನು ಸೆನ್ಸರ್ ಬಿಚ್ಚಿ ಮೀಟರಿಗೆ ಸಿಕ್ಕಿಸಿ, “ಯವ್ವಾ, ಒಂದ ವಾಟಗಾ ಬಿಸಿನೀರ ಕೊಡ್ರಿ,” ಎಂದ. ಅತ್ತೆ ಆ ಎಸರನ್ನೇ ಬಟ್ಟಲಲ್ಲಿ ತಂದುಕೊಟ್ಟರು. ತಣ್ಣೀರಿನಲ್ಲಿ ಅದ್ದಿದರೆ ಮೀಟರಿನ ಅಂಕಿ ಏರಿತು, ಎಸರಿನಲ್ಲಿ ಅದ್ದಿದರೆ ಇಳಿಯಿತು.

“ಬಿಸಿ ಏರಿದ್ರ ಅಂಕಿ ಇಳೀಬೇಕು. ಇದು ಖರೇನ ಹೇಳಾಕತ್ತೈತ್ರಿ ಅಕ್ಕೋರ. ಒಳಗಿನ ಬೋರ್ಡ್ ನೋಡಬೇಕು,” ಎನ್ನುತ್ತ, ಮಷಿನ್ ಮುಂದಕ್ಕೆಳೆಯಲು ಹಿಂದಿನ ನೀರಿನ ಪೈಪು ಸಡಿಲಿಸಿದ. ನೀರು ಅತ್ತೆಯ ಕಾಲ ಮೇಲೆ ಸಿಡಿಯಿತು.

“ಅಯ್ಯ ಶಿವನ!” ಎಂದು ಅವರು ಕಾಲು ಎಳೆದುಕೊಂಡರು. ಆಮೇಲೆ ಬಗ್ಗಿ, ಸೋರುವ ನೀರಿಗೆ ಬೆರಳು ತಾಗಿಸಿದರು. ಐವತ್ತು ವರ್ಷ ಎಸರು ನೋಡಿದ ಬೆರಳು ಅದು. “ಏ ತಮ್ಮಾ, ಇದರಾಗ ರೊಟ್ಟಿ ಹಿಟ್ಟ ನಾದಬಹುದಲ್ಲೋ!”

ರಿಪೇರಿಯವನು ಪೈಪಿನ ಜಾಡು ಹಿಡಿದು ಮೇಲೆ ನೋಡಿದ. ಅದು ಮಾಳಿಗೆಯ ಸೋಲಾರಿನಿಂದ ಇಳಿದ ಪೈಪು. ಶ್ರಾವಣದ ಮೋಡದಲ್ಲಿ, ಚಳಿಯಲ್ಲಿ ಆ ನೀರು ಅಷ್ಟು ಕಾದಿರಲಿಲ್ಲ. ಈಗ ಬೇಸಿಗೆ. ಬೆಳಿಗ್ಗೆ ಜಳಕಕ್ಕೆ ಬಿಸಿನೀರು ಖಾಲಿಯಾದ ಮೇಲೆ ನಾನು ಹಾಕಿದರೆ ಮಷಿನ್ ಸುಮ್ಮನೆ ತಿರುಗುತ್ತಿತ್ತು. ಮಧ್ಯಾಹ್ನ ಕುದಿಕುದಿ ನೀರು ಒಳಗೆ ಬಂದರೆ ಬಾಯಿ ಬಡಿದುಕೊಳ್ಳುತ್ತಿತ್ತು.

“ತಣ್ಣೀರಿನ ಮಷಿನ್ನಿಗೆ ಸೋಲಾರ್ ಹಚ್ಚಂತ ಯಾರ ಹೇಳಿದ್ರಿ?” ಎಂದು ಕೇಳಿದ.

ನಾನೇ. ನಳ ಜೋಡಿಸುವವನು ಬೇಡವೆಂದರೂ, “ಬಿಸಿನೀರಿಗಿ ಹೊಲಸು ಲಗೂ ಹೋಗತೈತಿ, ಕರೆಂಟೂ ಉಳೀತೈತಿ” ಎಂದು ಅವನಿಗೂ ವಿಜ್ಞಾನದ ಪಾಠ ಹೇಳಿ ಹಚ್ಚಿಸಿದ್ದೆ. ಆಮೇಲೆ ಮರೆತೇಬಿಟ್ಟಿದ್ದೆ. ಈಗ ಚೆಲ್ಲಿದ ನೀರು ಒರೆಸುವ ನೆಪದಲ್ಲಿ ಬಗ್ಗಿದೆ.

“ಯಾರರೆ ಹೇಳಿರ್ತಾರ ಬಿಡೋ,” ಎಂದರು ಅತ್ತೆ. “ಈಗ ತಣ್ಣೀರಿನ ನಳಕ್ಕ ಹಚ್ಚು.”

ಅವನು ಹೋದ ಮೇಲೆ ಕೇಳಿದೆ. “ಪೈಪ್ ಹಚ್ಚಿದ ದಿನ ನೀವೂ ಇಲ್ಲೇ ನಿಂತಿದ್ರಿ ಅತ್ತಿ. ನಾನ ಹೇಳಿದ್ದಂತ ನಿಮಗ ಗೊತ್ತಿತ್ತಲ್ಲ?”

“ಗೊತ್ತಿತ್ತು. ಹೊರಗಿನವನ ಮುಂದ ಮನಿ ಸೊಸಿ ಮಾರಿ ಸಣ್ಣದ ಮಾಡ್ಲೇನ?”

“ತಪ್ಪಾತ್ರಿ ಅತ್ತಿ,” ಎಂದೆ. ಅವರು ಮಾವನ ಧೋತರ ಒಳಗೆ ಹಾಕಿ, ಬಾಗಿಲು ಮುಚ್ಚಿದರು. ಗುಂಡಿಯ ಹತ್ತಿರ ಹೋದ ಬೆರಳು ಅಲ್ಲೇ ನಿಂತಿತು.

“ಒತ್ತಲ್ಯಾ?”

ತಮ್ಮ ಮನೆಯಲ್ಲಿ ಅವರು ನನ್ನ ಪರವಾನಗಿ ಕೇಳುವಂತೆ ಮಾಡಿದ್ದೆನಲ್ಲ! “ಒತ್ರಿ, ನಿಮ್ಮ ಮಷಿನ್ ಅದು.”

ಒತ್ತಿದರು. ಒಂದು ಸುತ್ತು, ಎರಡು ಸುತ್ತು, ಇಬ್ಬರೂ ನೋಡುತ್ತ ನಿಂತೆವು. ಮೂರನೆಯ ಸುತ್ತಿಗೆ ಅತ್ತೆ ಮಣೆ ಎಳೆದುಕೊಂಡು ಕುಳಿತು, ಬಾಜೂಕ್ಕೆ ಇನ್ನೊಂದು ಮಣೆ ಸರಿಸಿದರು.

“ಕುಂಡ್ರು ಬಾ. ಅಷ್ಟ ಮಕ್ಕಳಿಗಿ ಕಲಸ್ತಿ, ಒಂದ ಸಲ ಬೆರಳ ಇಟ್ಟ ನೋಡಬೇಕಿಲ್ಲೇನವಾ?”