ಕಾಯಿನೀರು ಕುಡಿದ ಡಿಕ್ಷನರಿ

ಮೊನ್ನೆ ಕುಮಟೆಯಲ್ಲಿ ಯಾರೋ ಹೊಸ ಟೆಂಪೋಗೆ ಪೂಜೆ ಮಾಡಿ ಕಾಯಿ ಒಡೆದರು. ಬಿಸಿ ಬಾನೆಟ್ಟಿನ ಮೇಲೆ ಕಾಯಿನೀರು ಚೆಲ್ಲಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ಪಾಪ, ಟೆಂಪೋದವನ ತಪ್ಪೇನಿಲ್ಲ. ನೆನಪಾದದ್ದು ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಅಕ್ಕೋರು... ಅವರಿಗೆ ನಮ್ಮ ಶಾಲೆ ಮಾಡಿದ ಅನ್ಯಾಯ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹೊನ್ನಾವರದ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ನಾನು ಹತ್ತನೇ ತರಗತಿ. ಶಾಲೆಗೆ ಯಾರೋ ಒಂದು ಕಂಪ್ಯೂಟರ್ ದಾನ ಕೊಟ್ಟಿದ್ದರು. ಹೆಡ್‌ಮಾಸ್ತರು ಅದನ್ನು ತಮ್ಮ ಕೋಣೆಯಲ್ಲಿಟ್ಟು, ಕಸೂತಿ ಬಟ್ಟೆ ಹೊದಿಸಿ, ಚಪ್ಪಲಿ ಹಾಕಿಕೊಂಡು ಹತ್ತಿರ ಹೋದವರಿಗೆ ಬೈಯುತ್ತಿದ್ದರು. ಕಮಿಟಿಯವರು ಹಂಗಾಮಿಯಾಗಿ ನೇಮಿಸಿಕೊಂಡಿದ್ದ ಅಕ್ಕೋರು ಬೇಡಿ, ಕಾಡಿ, ಕೊನೆಗೆ ನಮ್ಮನ್ನು ಆ ಕೋಣೆಗೇ ಕರೆದೊಯ್ದು ನೆಲದ ಮೇಲೆ ಕೂರಿಸಿದರು. ಫೋನಿನ ತಂತಿ ಕಿತ್ತು ಕಂಪ್ಯೂಟರಿಗೆ ಸಿಕ್ಕಿಸಿದರೆ, ಕಿರ್ರೆಂದು ಕಿರುಚಿ ಇಂಟರ್ನೆಟ್ ಡಿಕ್ಷನರಿ ತೆರೆದುಕೊಳ್ಳುತ್ತಿತ್ತು.

ಅಲ್ಲಿಯವರೆಗೆ ಇಂಗ್ಲಿಷ್ ಅಂದರೆ ನಮಗೆ ಗೈಡಿನ ಉತ್ತರ ಉರು ಹೊಡೆಯುವುದು. ಈ ಡಿಕ್ಷನರಿ ಮಾತಾಡುತ್ತಿತ್ತು! 'ಟೈಡ್' ಅಂತ ಅದು ಹೇಳಿದ ಮೇಲೆ ಅಕ್ಕೋರು ನಮ್ಮ ಕಡೆ ತಿರುಗಿ, "ನಿಮ್ಮನೇಲಿ ಇದಕ್ಕೆ ಎಂತ ಹೇಳ್ತ್ರಿ?" ಎನ್ನುತ್ತಿದ್ದರು. ಉಬ್ಬರ, ಭರತಿ ಅಂತ ಕೂಗುತ್ತಿದ್ದೆವು. ಕೊಂಕಣಿಯಾದರೂ ಸರಿ, ಅದೂ ಬೋರ್ಡಿಗೆ ಹೋಗುತ್ತಿತ್ತು. ಕ್ಲಾಸಿನಲ್ಲಿ ಬಾಯಿಯೇ ಬಿಡದ ನಾನು ಮೊದಲ ಇಂಗ್ಲಿಷ್ ವಾಕ್ಯ ಹೇಳಿದ್ದು ಆ ನೆಲದ ಮೇಲೆ ಕೂತು. ಹೆಡ್‌ಮಾಸ್ತರಿಗೆ ಮಾತ್ರ ಸಿಟ್ಟು, ಅಷ್ಟು ಹೊತ್ತು ಅವರ ಫೋನು ಎಂಗೇಜು.

ದಸರಾ ರಜೆಗೆ ಮುಂಚೆ ಶಾರದಾ ಪೂಜೆ. ಶಾರದೆಯ ಫೋಟೋದ ಪಕ್ಕ ಕಂಪ್ಯೂಟರನ್ನೂ ಇಟ್ಟರು. ಪೂಜೆಯ ಹೊತ್ತಿಗೆ ಅದು ಚಾಲೂ ಇರಬೇಕಂತೆ. "ನೀರು ತಾಗ್ಸಬೇಡಿ ಸರ್" ಅಂದರು ಅಕ್ಕೋರು. ಯಾರು ಕೇಳಬೇಕು? ಹೆಡ್‌ಮಾಸ್ತರು ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಭಕ್ತಿ ಉಕ್ಕಿ ನೀರನ್ನು ಡಬ್ಬದ ಮೇಲೇ ಸುರಿದರು. ಟುಸ್ ಅಂದಿತು. ಸುಟ್ಟ ವಾಸನೆ ಬಂತು. ಆಮೇಲೆ ಪ್ರಸಾದ ಹಂಚಿದರು.

ರಜೆ ಮುಗಿದ ಮೇಲೆ ಕಮಿಟಿ ಮೀಟಿಂಗು. ಡಿಕ್ಷನರಿ ನೋಡಿ ನೋಡಿ ವೈರಸ್ ಹೊಕ್ಕಿದೆ, ಹಾಳು ಮಾಡಿದ್ದು ಅಕ್ಕೋರೇ ಎಂದು ಹೆಡ್‌ಮಾಸ್ತರು ಹೇಳುತ್ತಿದ್ದದ್ದು ಪಕ್ಕದ ಕ್ಲಾಸಿನಲ್ಲಿದ್ದ ನಮಗೆಲ್ಲ ಕೇಳುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲಿ ಹೋಗಿ ನಿಂತು, "ಕಾಯಿನೀರು ಬಿದ್ದು ಹಾಳಾದ್ದು ಸರ್, ನಾನೇ ನೋಡಿದ್ದೆ" ಅಂದೆ.

"ಪೂಜೆಯಿಂದ ಹಾಳಾತು ಹೇಳಿ ಹೇಳ್ತಿಯನೇ?" ಹೆಡ್‌ಮಾಸ್ತರು ಎದ್ದರು. "ಹಾಲ್‌ಟಿಕೆಟ್ ಬೇಕಾ ಬೇಡ್ವಾ ನಿಂಗೆ?"

ಮೀಟಿಂಗಿನಲ್ಲೇ ಇದ್ದ ಅಕ್ಕೋರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಆತು ಸರ್, ತಪ್ಪು ನಂದೇ. ಅವ್ಳನ್ನ ಬಿಟ್ಬಿಡಿ."

ಅಂದೇ ಅವರ ಕೆಲಸ ಹೋಯಿತು.

ನಾನು ಪಾಸಾದೆ. ಈಗ ಭಟ್ಕಳದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳು ಕ್ಲಾಸಿನಲ್ಲೇ ಮೊಬೈಲಿನಲ್ಲಿ ಶಬ್ದ ಹುಡುಕುತ್ತಾರೆ, ಯಾರ ಅಪ್ಪಣೆಯೂ ಬೇಡ. ಅಕ್ಕೋರಿಗೆ ಮಾತ್ರ ಮತ್ತೆ ಯಾವ ಶಾಲೆಯೂ ಕೆಲಸ ಕೊಡಲಿಲ್ಲ. ಕಂಪ್ಯೂಟರ್ ಹಾಳು ಮಾಡಿದವರು ಎಂಬ ಹೆಸರು ಅವರಿಗಿಂತ ಮುಂಚೆಯೇ ಎಲ್ಲ ಕಡೆ ಮುಟ್ಟಿರುತ್ತಿತ್ತು. ಕುಮಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದರು... ಹೋದ ವರ್ಷ ತೀರಿಕೊಂಡರು.

ಬರುವ ತಿಂಗಳು ಶಾಲೆಯಲ್ಲಿ ಆ ಹೆಡ್‌ಮಾಸ್ತರಿಗೆ ಸನ್ಮಾನ. ಊರಿಗೆ ಕಂಪ್ಯೂಟರ್ ಶಿಕ್ಷಣ ತಂದವರಂತೆ! ಹಳೆ ವಿದ್ಯಾರ್ಥಿನಿ ಎಂದು ನಾಲ್ಕು ಮಾತಾಡಲು ನನ್ನನ್ನು ಕರೆದಿದ್ದಾರೆ. ಬರುತ್ತೇನೆ ಅಂದಿದ್ದೇನೆ. ಈ ಸಲ ನನ್ನನ್ನು ತಡೆಯಲು ಅಕ್ಕೋರು ಇಲ್ಲ.