ನಳಿಗೆಯೊಳಗಿನ ಬಟ್ಟೆ

ಅವನ ಬಲಗೈ ಕಿರುಬೆರಳಿನ ತುದಿಗೆ ಒಂದು ಕಪ್ಪು ಸುತ್ತು ಇತ್ತು, ಉಂಗುರ ಹಾಕಿದ ಹಾಗೆ. ಕೋವಿಯ ನಳಿಗೆ ಬಾಯಿಗೆ ಆ ಬೆರಳು ತೂರಿಸಿ ಒಂದು ಸಲ ತಿರುಗಿಸಿ ನೋಡುವುದು ಅವನ ಅಭ್ಯಾಸ. ಮಸಿ, ಎಣ್ಣೆ, ತುಕ್ಕು ಎಲ್ಲ ಸೇರಿ ಚರ್ಮದೊಳಗೇ ಇಳಿದಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಇವನು ಮುಟ್ಟಿದ ಅನ್ನವೂ ಸೀಮೆಎಣ್ಣೆ ನಾರುತ್ತದೆ ಎಂದು ಅವನ ಹೆಂಡತಿ ಬೈಯುತ್ತಿದ್ದಳು.

ಬಿಕ್ಕೋಡಿನ ಹತ್ತಿರ ಕಾಫಿ ತೋಟದ ಆಳುಗಳ ಸಾಲುಮನೆ ಲೈನಿನಲ್ಲಿ ಅವನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನೆಂಟಸ್ತಿಕೆ ಏನೂ ಇಲ್ಲ, ನಾನು ಅಣ್ಣ ಎನ್ನುತ್ತಿದ್ದೆ. ಸುತ್ತಿನ ಏಳೆಂಟು ತೋಟದ ಕೋವಿಗಳು ಒರೆಸಿಸಿಕೊಳ್ಳಲು ಅವನ ಜಗಲಿಗೇ ಬರುತ್ತಿದ್ದವು. ನನ್ನ ಗಂಡ ತೋಟದ ಕಾವಲುಗಾರ. ಆನೆ ಬಂದರೆ ಗಾಳಿಗೆ ಗುಂಡು ಹೊಡೆದು ಓಡಿಸುವುದು ಅವನ ಕೆಲಸ.

ಅಣ್ಣ ಕೋವಿ ಒರೆಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಳಿಗೆ ಬೇರೆ ಮಾಡಿ, ಸಲಾಕೆಗೆ ಹಿತ್ತಾಳೆ ಬ್ರಷ್ ಸಿಕ್ಕಿಸಿ, ಸೀಮೆಎಣ್ಣೆಯಲ್ಲಿ ಅದ್ದಿ, ಗುಂಡು ತುಂಬುವ ಕಡೆಯಿಂದ ನೂಕುತ್ತಿದ್ದ. ಆಮೇಲೆ ಬಟ್ಟೆ. ಹಾಕಿದ ಬಟ್ಟೆ ಬೆಳ್ಳಗೇ ಹೊರಗೆ ಬರುವ ತನಕ ಬಿಡುತ್ತಿರಲಿಲ್ಲ. ಕೊನೆಗೆ ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದ. ಬಟ್ಟೆ ಹಳೇ ನೂಲಿನದೇ ಆಗಬೇಕು. ಒಂದು ಸಲ ನನ್ನ ನೈಲಾನ್ ಸೀರೆ ತುಂಡು ಕೊಟ್ಟೆ. “ಇದನ್ನ ನಿನ್ ಗಂಡನ ಬಾಯಿಗೆ ತುರುಕವ್ವ, ಗೊರಕೆನಾದ್ರೂ ನಿಲ್ತದೆ” ಎಂದು ಎಸೆದ.

ನನ್ನ ಗಂಡನಿಗೂ ಅವನಿಗೂ ದಿನಾ ಜಗಳ, ದಿನಾ ಬೀಡಿ. “ಕೋವಿ ಗುಂಡು ಹೊಡೆದು ಕೆಡಾಕಿಲ್ಲ ಕಣ್ಲಾ, ಕೈ ಬೆವರಿಂದ ಕೆಡ್ತದೆ. ನಿನ್ ಕೈ ಹುಣಸೆಹಣ್ಣು” ಎನ್ನುತ್ತಿದ್ದ ಅಣ್ಣ. “ನೀನು ಒರೆಸ್ತಾ ಕೂತ್ಕ, ಆನೆ ಬಂದು ನಿನ್ನೇ ಒರೆಸಾಕ್ತದೆ” ಎನ್ನುತ್ತಿದ್ದ ನನ್ನ ಗಂಡ.

ಎಲೆಕ್ಷನ್ ಬಂತೆಂದರೆ ಕೋವಿಗಳನ್ನೆಲ್ಲ ಸ್ಟೇಷನ್ನಿಗೆ ಕೊಡಬೇಕು. ಎರಡು ಮೂರು ತಿಂಗಳು ಅಲ್ಲೇ ಬಿದ್ದಿರುತ್ತವೆ. ಥಂಡಿ ಒಳಗೆ ಹೋಗದಿರಲಿ ಎಂದು ಅಣ್ಣ ಗ್ರೀಸು ಮೆತ್ತಿದ ಬಟ್ಟೆಯನ್ನು ನಳಿಗೆಗಳ ಒಳಗೆ ಬಿಗಿಯಾಗಿ ತುರುಕುತ್ತಿದ್ದ. ಬಾಯಲ್ಲಿಟ್ಟರೆ ಇಲಿ ಎಳೆಯುತ್ತದೆಂದು ಒಂದು ಮೊಳ ಒಳಕ್ಕೆ ನೂಕುತ್ತಿದ್ದ. ಹೊರಗೆ ಕಾಣುವುದಿಲ್ಲ. ಅದಕ್ಕೇ ಬೆರಳಿಟ್ಟು ಎಳೆಯುವ ಕುದುರೆಯ ಹತ್ತಿರ ಒಂದು ಕೆಂಪು ಬಟ್ಟೆ ಚೂರು ಕಟ್ಟುತ್ತಿದ್ದ. ಕೆಂಪು ಇದ್ದರೆ ಒಳಗೆ ಬಟ್ಟೆ ಇದೆ, ಹೊಡೆಯಬೇಡ ಎಂದು ಅರ್ಥ. ಇದು ಲೈನಿನಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದರೆ ಸುಳ್ಳು.

ಒಂದು ವರ್ಷ ನಮ್ಮ ತೋಟದ ಕೋವಿ ಸ್ಟೇಷನ್ನಿನಿಂದ ವಾಪಸು ಬಂದ ದಿನ ಅಣ್ಣ ಇರಲಿಲ್ಲ. ಮಗಳ ಹೆರಿಗೆಗೆ ಅರಸೀಕೆರೆಗೆ ಹೋಗಿದ್ದ. ತೋಟದ ರೈಟರು ಜೀಪಿನಲ್ಲಿ ಬಂದು, “ಅಣ್ಣ ನಾಳೆ ಬತ್ತಾನಂತೆ, ಅಲ್ಲೀಗಂಟ ಇಟ್ಕಳವ್ವ” ಎಂದು ಚೀಲ ಸಮೇತ ಕೊಟ್ಟು ಹೋದರು. ಗಂಡ ಕೆಲಸಕ್ಕೆ ಹೋಗಿದ್ದ. ಚೀಲ ಒದ್ದೆ. ಕೋವಿ ತೆಗೆದು ಮೂಲೆಗೆ ನಿಲ್ಲಿಸಿದೆ. ಆ ವಾರವೆಲ್ಲ ನಮ್ಮ ಹೇಂಟೆ ಕೋಳಿ ಎದುರು ಮನೆಯ ಹೇಂಟೆಗಳ ಜೊತೆ ಸೇರಿ, ನಿಂದು ನಂದು ಎಂದು ಜಗಳವಾಗಿತ್ತು. ಗುರುತಿಗೆ ಒಂದು ಬಟ್ಟೆ ಬೇಕಿತ್ತು. ಹೇಗೂ ನಾಳೆ ಅಣ್ಣ ಬಂದು ಒರೆಸುತ್ತಾನೆ ಎಂದುಕೊಂಡು ಕೆಂಪು ಚೂರು ಬಿಚ್ಚಿ ಹೇಂಟೆ ಕಾಲಿಗೆ ಕಟ್ಟಿದೆ. ಗಂಡನಿಗೆ ಹೇಳಲು ಮರೆತೆ.

ಬೆಳಿಗ್ಗೆ ನಾನು ನಲ್ಲಿ ಹತ್ತಿರ ಇದ್ದೆ. ಕಾಫಿ ಹಣ್ಣು ಬಿಡಿಸುವ ಹೆಂಗಸರು ಆನೆ ಆನೆ ಎಂದು ಕೂಗಿಕೊಂಡು ಓಡಿಬಂದರು. ಗಂಡ ಕೋವಿ ನೋಡಿದ, ಕೆಂಪು ಇಲ್ಲ. ಎತ್ತಿಕೊಂಡು ಓಡಿದ. ನಳಿಗೆಯಲ್ಲಿ ಬೆಳಕು ನೋಡಬೇಕಿತ್ತು. ಆನೆ ಎದುರಿಗಿದ್ದಾಗ ಯಾರು ನೋಡುತ್ತಾರೆ? ಹೊಡೆದ. ನಳಿಗೆ ಅವನ ಎಡಗೈ ಹಿಡಿದಿದ್ದ ಕಡೆಯೇ ಸೀಳಿತು. ಆ ಕೈಯ ನಾಲ್ಕು ಬೆರಳು ಹೋದವು, ಚೂರು ಬಡಿದು ಬಲಗೈಯೂ ಕೆಲಸಕ್ಕೆ ಬಾರದ ಹಾಗಾಯಿತು, ಒಂದು ಕಣ್ಣು ಹೋಯಿತು.

ಗಂಡನನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ಮಧ್ಯಾಹ್ನದ ಹೊತ್ತಿಗೆ ಅಣ್ಣ ಬಂದ. ಪೊಲೀಸರೂ ಬಂದರು. ಅಂಗಳದಲ್ಲಿ ನಿಂತು ಕೆಂಪು ಯಾರು ಬಿಚ್ಚಿದ್ದು ಎಂದು ಎಲ್ಲರನ್ನೂ ಕೇಳುತ್ತಿದ್ದರು. ನಾನು ಹೆಂಗಸರ ಹಿಂದಕ್ಕೆ ಸರಿದೆ. ಆಗ ಹೇಂಟೆ ಜಗಲಿ ಕೆಳಗೆ ಕೆದಕುತ್ತಾ ಬಂತು. ಅಣ್ಣ ಅದರ ಕಾಲು ನೋಡಿದ, ನನ್ನ ಮುಖ ನೋಡಿದ. ಬಗ್ಗಿ ಹೇಂಟೆ ಎತ್ತಿಕೊಂಡು ಹಿತ್ತಲಿಗೆ ಹೋದ. ವಾಪಸು ಬಂದಾಗ ಕೈ ಖಾಲಿ.

“ಯಾರೂ ಬಿಚ್ಚಿಲ್ಲ ಸ್ವಾಮಿ. ನಾನೇ ಕಟ್ಟಾದು ಮರ್ತಿದ್ದೆ” ಎಂದ.

ಸಂಜೆ ಹೋಗಿ ಕೇಳಿದೆ, “ಯಾಕಣ್ಣ ಹಂಗಂದೆ?”

“ಇನ್ಮೇಲೆ ಅವನಿಗೆ ಉಣ್ಣಿಸಾದು ನೀನೇ ಕಣವ್ವ. ಉಣ್ಣಿಸೋಳ ಮೇಲೇ ಹಗೆ ಬಂದ್ರೆ ಇಬ್ರೂ ಸಾಯ್ತೀರ. ನನ್ನ ಬೈಕಳ್ಲಿ ಬಿಡು, ನಾನೇನು ಅವನ್ ಪಕ್ಕದಾಗೆ ಮಲಗ್ಬೇಕಾ? ಬಾಯಿ ಬಿಟ್ಟೀಯ, ಹುಷಾರು.”

ಬೇಡ ಅಣ್ಣ ಎನ್ನಬಹುದಿತ್ತು. ಎನ್ನಲಿಲ್ಲ.

ಮರೆಯುವವನ ಕೈಗೆ ಕೋವಿ ಯಾರು ಕೊಡುತ್ತಾರೆ? ಒಂದೊಂದೇ ತೋಟದವರು ಬರುವುದು ನಿಲ್ಲಿಸಿದರು. ಅಣ್ಣನೂ ಅವನ ಹೆಂಡತಿಯೂ ಸಾಮಾನು ಕಟ್ಟಿಕೊಂಡು ಅರಸೀಕೆರೆಗೆ ಮಗಳ ಮನೆ ಸೇರಿದರು. ಆ ವಯಸ್ಸಿನಲ್ಲಿ ಅವನು ಅಲ್ಲಿ ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋದ. ಇತ್ತ ನನ್ನ ಗಂಡ ಆರು ವರ್ಷ ಬದುಕಿದ. ಪ್ರತಿ ತುತ್ತಿಗೂ ಅಣ್ಣನನ್ನು ಬೈದ. ನಾನು ಕಲಸಿ ಬಾಯಿಗಿಡುತ್ತಿದ್ದೆ, ಅವನು ಬೈದು ನುಂಗುತ್ತಿದ್ದ. ಗಂಡ ಸತ್ತ ಮೇಲಾದರೂ ನಾನು ಹೇಳಬಹುದಿತ್ತು. ನಾಚಿಕೆಯಾಯಿತು, ಸುಮ್ಮನಿದ್ದೆ.

ಹೋದ ವರ್ಷ ಅಣ್ಣ ಸತ್ತ ಸುದ್ದಿ ಬಂತು. ಹಳೇಬೀಡಿನ ಮೇಲೆ ಹೋಗುವ ಬಸ್ಸು ಹಿಡಿದು ಅರಸೀಕೆರೆಗೆ ಹೋದೆ. ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅವನ ಮಗಳನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದೆ.

ಅವಳು ಅಳಲಿಲ್ಲ. “ನಮ್ಮವ್ವ ಸಾಯೋಗಂಟ ಅಪ್ಪನ್ನ ಬೈತಿದ್ಲು ಅತ್ತೆ, ನಿನ್ ಮರೆವಿಂದ ಮನೆ ಹಾಳಾಯ್ತು ಅಂತ. ಅವಳಿಗೂ ಅಪ್ಪ ಹೇಳಲಿಲ್ಲ” ಎಂದಳು. “ನನ್ ಹತ್ರ ಹೇಳಿ ಏನ್ ಬಂತು? ಅಪ್ಪ ತಲೆ ತಗ್ಗಿಸಿ ಬಂದದ್ದು ನಿಮ್ಮೂರಿಂದ. ಅಲ್ಲಿ ಹೋಗಿ ಹೇಳಿ. ಬಸ್ಸಿಗೆ ಹೊತ್ತಾಯ್ತು” ಎಂದು ಒಳಗೆ ಹೋದಳು. ನೀರು ಬೇಕಾ ಎಂದೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಮಾರನೇ ದಿನ ನಲ್ಲಿ ಹತ್ತಿರ ಎಲ್ಲರೆದುರಿಗೆ ಹೇಳಿದೆ. ರೈಟರಿಗೂ ಹೇಳಿದೆ. ಯಾರೂ ಬೈಯಲಿಲ್ಲ. “ಪಾಪ, ಗಂಡ ಹೋದ್ಮೇಲೆ ಮುದುಕಿಗೆ ಅರಳುಮರಳು” ಎಂದರು. ರೈಟರು ನಕ್ಕು, “ಅವನೇ ಬಾಯಾರೆ ಒಪ್ಕಂಡಿದ್ನಲ್ಲಜ್ಜಿ, ನಿಂದೇನು ಈಗ?” ಎಂದರು.

ಬಾಯಿಮಾತನ್ನು ಯಾರೂ ನಂಬಲಿಲ್ಲ. ಅದಕ್ಕೇ ಇದನ್ನು ಬರೆದಿದ್ದೇನೆ.